ಹೂವಿಗಿಂತ ಮೊದಲು ಎಲೆ

ಆರ್ಕಿಡ್ ಪ್ರದರ್ಶನಕ್ಕೆ ಬಂದವರು ಹೂವಿನ ಮುಂದೆ ನಿಲ್ಲುವುದು ಸಹಜ. ಅವರ ನಡುವೆ ಒಬ್ಬಿಬ್ಬರು ಮಾತ್ರ ಬಗ್ಗಿ ಗಿಡದ ಬುಡ ನೋಡುತ್ತಾರೆ, ಎಲೆಯ ತುದಿ ನೋಡುತ್ತಾರೆ, ಹೊಸ ಎಲೆಯನ್ನು ಹಳೆಯದರ ಜೊತೆ ಕಣ್ಣಲ್ಲೇ ಅಳೆಯುತ್ತಾರೆ. ಹೂವಿನ ಸರದಿ ಆಮೇಲೆ. ಅಂಥವರು ಸ್ಲಿಪ್ಪರ್ ಆರ್ಕಿಡ್ ಬೆಳೆಸಿ ಪಳಗಿದವರೆಂದು ಧಾರಾಳವಾಗಿ ಊಹಿಸಬಹುದು. ಈ ಗಿಡದ ಮಟ್ಟಿಗೆ ಹೂವು ಕೊನೆಯ ಫಲಿತಾಂಶ. ಅದಕ್ಕೆ ಮೊದಲಿನ ಒಂದೆರಡು ವರ್ಷದ ಲೆಕ್ಕವೆಲ್ಲ ಎಲೆಯಲ್ಲಿ ಬರೆದಿರುತ್ತದೆ.

ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆ ದಂಡೆಯನ್ನು ಕಂಡವರಿಗೆ ಇದೂ ಆರ್ಕಿಡ್ ಎಂದರೆ ನಂಬುವುದು ಕಷ್ಟ. ಒಂದು ದಂಟಿಗೆ ಸಾಮಾನ್ಯವಾಗಿ ಒಂದೇ ಹೂವು. ಮೂರನೆಯ ದಳ ಚೀಲವಾಗಿ ಮಡಚಿಕೊಂಡಿರುತ್ತದೆ. ಚೀಲಕ್ಕೆ ಬಿದ್ದ ಕೀಟ ಬಂದ ದಾರಿಯಲ್ಲಿ ಮರಳಲಾರದೆ, ಹಿಂಬದಿಯ ಇಕ್ಕಟ್ಟಿನಲ್ಲಿ ನುಸುಳುತ್ತ ಬೆನ್ನಿಗೆ ಪರಾಗ ಮೆತ್ತಿಕೊಂಡು ಹೊರಬೀಳುತ್ತದೆ. ಕುಂಡದಲ್ಲಿ ಹೆಚ್ಚಾಗಿ ಬೆಳೆಸುವ ಪ್ಯಾಫಿಯೊಪೆಡಿಲಮ್ ಕುಲವನ್ನು ಬೆಳೆಗಾರರು ಚುಟುಕಾಗಿ ‘ಪ್ಯಾಫ್’ ಎನ್ನುತ್ತಾರೆ. ಭಾರತದಿಂದ ನ್ಯೂಗಿನಿಯ ಆಚೆಯವರೆಗೆ ಈ ಕುಲ ಹರಡಿದೆ. ಹೆಚ್ಚಿನವು ಕಾಡಿನ ತರಗೆಲೆಯ ಹಾಸಿನಲ್ಲೋ ಸುಣ್ಣಕಲ್ಲಿನ ಬಿರುಕಿನಲ್ಲೋ ಬೆಳೆಯುತ್ತವೆ.

ದಕ್ಷಿಣ ಭಾರತಕ್ಕೆ ಸೇರಿದ್ದು ಒಂದೇ ಒಂದು: ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆಯ ಡ್ರುರೈ. ಹಳದಿ ಹೂವು, ಪ್ರತಿ ದಳದ ನಡುವೆ ಕಂದು ಗೆರೆ. ಹೆಬರ್ ಡ್ರೂರಿ ಎಂಬ ಸೇನಾಧಿಕಾರಿ ಸಂಗ್ರಹಿಸಿದ ಈ ಗಿಡವನ್ನು ಸಸ್ಯವಿಜ್ಞಾನಿ ಬೆಡ್ಡೋಮ್ 1874ರಲ್ಲಿ ವಿವರಿಸಿ ದಾಖಲಿಸಿದ. ಆಮೇಲೆ ಸಂಗ್ರಾಹಕರ ಆಸೆ ಅದನ್ನು ಅಳಿವಿನಂಚಿಗೆ ತಳ್ಳಿತು. ಇಂದು ಇಡೀ ಕುಲ ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಕಾಡಿನಿಂದ ಕಿತ್ತ ಗಿಡ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು. ಬೀಜದಿಂದ ಬೆಳೆಸಿದ ಸಸಿಯನ್ನೇ ಕೊಳ್ಳಬೇಕು.

ಎಲೆಗೆ ಇಷ್ಟು ಮಹತ್ವ ಯಾಕೆ? ಡೆಂಡ್ರೋಬಿಯಮ್, ಕ್ಯಾಟ್ಲೆಯಾಗಳಿಗೆ ನೀರು, ಆಹಾರ ಕೂಡಿಡುವ ದಪ್ಪ ಕಾಂಡವಿದೆ. ಪ್ಯಾಫ್‌ಗೆ ಆ ಉಗ್ರಾಣವಿಲ್ಲ. ಇರುವುದು ಬೀಸಣಿಗೆಯಂತೆ ಹರಡಿದ ಕೆಲವು ಎಲೆ, ರೋಮ ತುಂಬಿದ ಕೆಲವೇ ಬೇರು. ಅದರ ಬದುಕಿನ ಕ್ರಮ ಬಾಳೆಯದೇ: ಒಂದು ಎಲೆಗುಚ್ಛ ಬಲಿತು ಒಮ್ಮೆ ಹೂ ಬಿಟ್ಟರೆ ಮುಗಿಯಿತು, ಅದು ಮತ್ತೆ ಹೂ ಬಿಡುವುದಿಲ್ಲ. ಬುಡದಲ್ಲಿ ಬರುವ ಮರಿ ಬೆಳೆದು ಮುಂದಿನ ಹೂ ಕೊಡಬೇಕು. ಈ ವರ್ಷ ಎಲೆ ಸೊರಗಿದರೆ ಮರಿ ಸಣ್ಣದಾಗುತ್ತದೆ, ಮರುವರ್ಷದ ಹೂವೂ ಸಣ್ಣದಾಗುತ್ತದೆ. ಹೂ ಮುಗಿದ ಹಳೆಯ ಗುಚ್ಛವನ್ನು ಕತ್ತರಿಸದೆ ಬಿಡುವುದೂ ಇದಕ್ಕೇ. ಮರಿಗೆ ಉಣಿಸುವುದು ಅದೇ ಎಲೆಗಳು.

ಪ್ಯಾಫ್‌ಗಳಲ್ಲಿ ಎರಡು ಬಗೆಯ ಎಲೆಯಿದೆ. ಕೆಲವದರ ಮೇಲೆ ತಿಳಿಹಸಿರು, ಕಡುಹಸಿರಿನ ಚೌಕುಳಿ ಚಿತ್ತಾರ. ಇನ್ನು ಕೆಲವು ಪಟ್ಟಿಯಂತೆ ಉದ್ದ, ಒಂದೇ ಹಸಿರು. ಚಿತ್ತಾರದವು ಸಾಮಾನ್ಯವಾಗಿ ಬೆಚ್ಚಗಿನ ಹವೆಯವು, ಬೆಂಗಳೂರಿನ ಬಾಲ್ಕನಿಗೂ ಹೊಂದುತ್ತವೆ. ಹಸಿರೆಲೆಯವುಗಳಲ್ಲಿ ಮೇಘಾಲಯದ ಇನ್ಸಿಗ್ನೆಯಂಥವು ರಾತ್ರಿಯ ಚಳಿ ಸಿಗದಿದ್ದರೆ ಮೊಗ್ಗು ಕಟ್ಟಲು ಹಿಂಜರಿಯುತ್ತವೆ. ಒಂದೇ ದಂಟಿನಲ್ಲಿ ಹಲವು ಹೂ ಬಿಡುವ ಬೋರ್ನಿಯೊದ ರೋತ್‌ಶಿಲ್ಡಿಯಾನಮ್ ಬೆಚ್ಚಗಿನ ಹವೆಯದೇ ಆದರೂ ಹೆಚ್ಚು ಬೆಳಕು ಕೇಳುತ್ತದೆ. ಎಲೆ ನೋಡಿಯೇ ಗಿಡವನ್ನು ಮನೆಯ ಯಾವ ಮೂಲೆಯಲ್ಲಿಡಬೇಕೆಂದು ಅರ್ಧ ನಿರ್ಧರಿಸಬಹುದು.

ಹೂವಿನ ಬಣ್ಣದ ಸುಳಿವೂ ಎಲೆಯಲ್ಲೇ. 1900ರಲ್ಲಿ ನೋಂದಣಿಯಾದ ‘ಮೌಡಿಯೆ’ ಎಂಬ ಮಿಶ್ರತಳಿ ಇಂದಿಗೂ ಹೊಸಬರ ಅಚ್ಚುಮೆಚ್ಚು. ಅದರ ಬಳಗದಲ್ಲಿ ಹಸಿರು-ಬಿಳಿ ಹೂವಿನವೂ ಇವೆ, ಕಡುದ್ರಾಕ್ಷಿ ಬಣ್ಣದವೂ ಇವೆ. ಹಸಿರು-ಬಿಳಿ ಹೂವಿನ ಗಿಡಕ್ಕೆ ನೇರಳೆ ವರ್ಣದ್ರವ್ಯವೇ ಇಲ್ಲ, ಆದ್ದರಿಂದ ಎಲೆಯ ಬುಡವೂ ಅಚ್ಚ ಹಸಿರು. ಕಡುಬಣ್ಣದ ಹೂ ಬಿಡುವುದರ ಬುಡದಲ್ಲಿ, ಎಲೆಯ ಅಡಿಯಲ್ಲಿ ನೇರಳೆ ಹರಡಿರುತ್ತದೆ. ಹೂ ಕಾಣಲು ಇನ್ನೂ ಎರಡು ವರ್ಷವಿರುವಾಗಲೇ ಪಳಗಿದ ಕೈ ಸಸಿಯ ಬುಡ ನೋಡಿ ಆರಿಸುವುದು ಹೀಗೆ.

ಇನ್ನು ದಿನನಿತ್ಯದ ಓದು. ಪೂರ್ಣ ಬಿಸಿಲನ್ನು 1 ಲಕ್ಷ ಲಕ್ಸ್ ಎಂದಿಟ್ಟುಕೊಂಡರೆ ಚಿತ್ತಾರದೆಲೆಯ ಪ್ಯಾಫ್‌ಗೆ ಸಾಕಾಗುವುದು ಸುಮಾರು 10ರಿಂದ 15 ಸಾವಿರ. ಬೆಳಕು ಕಡಿಮೆಯಾದರೆ ಎಲೆ ಕಡುಹಸಿರಾಗಿ, ಮೆದುವಾಗಿ, ಉದ್ದಕ್ಕೆ ಜೋಲುತ್ತದೆ. ನೋಡಲು ಸೊಂಪು, ಹೂವಿಲ್ಲ. ಬೆಳಕು ಹೆಚ್ಚಾದರೆ ಇಡೀ ಗಿಡ ಹಳದಿಗೆ ತಿರುಗುತ್ತದೆ, ಚಿತ್ತಾರ ಮಾಸುತ್ತದೆ. ಎರಡರ ನಡುವಿನ ತಿಳಿಹಸಿರು, ಬಿಗಿಯಾಗಿ ನಿಂತ ಎಲೆ, ಇದು ಬೆಳೆಗಾರನ ಗುರಿ.

ಹಳದಿಯೆಲ್ಲ ಬಿಸಿಲಿನದೇ ಅಲ್ಲ, ಅದು ಎಲ್ಲಿ ಶುರುವಾಯಿತು ಎಂಬುದು ಮುಖ್ಯ. ಸಾರಜನಕ, ಮೆಗ್ನೀಸಿಯಂಗಳು ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದಾಗ ಗಿಡ ಅವನ್ನು ಹಳೆಯ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ, ಹಾಗಾಗಿ ಹಳದಿ ಕೆಳಗಿನಿಂದ ಹತ್ತುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಒಮ್ಮೆ ನೆಲೆಗೊಂಡರೆ ಕದಲುವುದಿಲ್ಲ. ಅವುಗಳ ಕೊರತೆ ಹೊಸ ಎಲೆಯಲ್ಲಿ ಕಾಣುತ್ತದೆ: ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣ, ಚಿಗುರಿನ ತುದಿ ಕಪ್ಪಾದರೆ ಕ್ಯಾಲ್ಸಿಯಂ. ಬಲಿತ ಎಲೆಗಳ ತುದಿ ಸುಟ್ಟಂತೆ ಒಣಗಿದರೆ ಕುಂಡದಲ್ಲಿ ಲವಣ ಕೂತಿದೆ ಎಂದೇ ಶಂಕಿಸಬೇಕು. ಹಾಗೆಂದು ಹೂ ಬಿಟ್ಟು ಮುದಿಯಾದ ಗುಚ್ಛದ ಕೆಳಗಿನ ಎಲೆ ಹಣ್ಣಾದರೆ ಗಾಬರಿ ಬೇಡ, ಅದು ವಯಸ್ಸು.

ಉಣಿಸುವುದು ಗೊಬ್ಬರದ ಪೊಟ್ಟಣದಿಂದ ಶುರುವಾಗುವುದಿಲ್ಲ, ನೀರಿನಿಂದ ಶುರುವಾಗುತ್ತದೆ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಎಲೆಯ ಮೇಲೆ ಬಿಳಿ ಕಲೆ, ಬೇರಿನ ಸುತ್ತ ಉಪ್ಪು. ಅದಕ್ಕೇ ಪ್ಯಾಫ್ ಬೆಳೆಸುವವರು ಮಳೆನೀರು ಹಿಡಿದಿಡುತ್ತಾರೆ. ಆದರೆ ಮಳೆನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಕಾರಣ ಅವೆರಡನ್ನು ನಾವೇ ಕೊಡಬೇಕು.

ಗೊಬ್ಬರದ ಪ್ರಮಾಣ ಗಿಡ ಕೂತ ಮಿಶ್ರಣಕ್ಕೆ ತಕ್ಕಂತೆ ಬದಲಾಗುತ್ತದೆ. ಅಮೆರಿಕದ ಹಳೆಯ ಪುಸ್ತಕಗಳು ಸಾರಜನಕ ಹೆಚ್ಚಿರುವ 30:10:10 ಗೊಬ್ಬರ ಹೇಳುತ್ತಿದ್ದುದಕ್ಕೆ ಕಾರಣವಿತ್ತು. ಅಲ್ಲಿ ಫರ್ ಮರದ ತೊಗಟೆಯಲ್ಲಿ ನೆಡುತ್ತಿದ್ದರು. ತೊಗಟೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾರಜನಕ ಕಸಿಯುತ್ತಿದ್ದವು. ನಮ್ಮಲ್ಲಿ ಸುಲಭಕ್ಕೆ ಸಿಗುವ ತೆಂಗಿನ ಸಿಪ್ಪೆಯ ತುಂಡಿನ ಸಮಸ್ಯೆ ಬೇರೆ: ಅದರಲ್ಲಿ ಪೊಟ್ಯಾಷ್, ಸೋಡಿಯಂ ಮೊದಲೇ ತುಂಬಿರುತ್ತದೆ. ಹಲವು ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟು, ಮತ್ತೆ ತೊಳೆದು ಬಳಸಬೇಕು. ಜೊತೆಗೆ ಇದ್ದಿಲು, ಇಟ್ಟಿಗೆ ಚೂರು ಸೇರಿದರೆ ನೀರು ಹಿಡಿದೂ ಗಾಳಿಯಾಡುತ್ತದೆ.

ಊಟ ತೆಳ್ಳಗಿರಬೇಕು, ತಪ್ಪದೆ ಸಿಗಬೇಕು. ಅಂಗಡಿಯಲ್ಲಿ ಸಿಗುವ 19:19:19 ಅನ್ನು ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಸಾರಜನಕ ಸುಮಾರು 95 ಪಿಪಿಎಂ ಆಗುತ್ತದೆ. ಬಲಿತು ಬೆಳೆಯುತ್ತಿರುವ ಗಿಡಕ್ಕೆ ಅದೇ ಮೇಲ್ಮಿತಿ, ಸಸಿಗೆ ಅದರರ್ಧ. ಒಂದು ವಾರ ಇದು, ಇನ್ನೊಂದು ವಾರ ಕ್ಯಾಲ್ಸಿಯಂ ನೈಟ್ರೇಟ್, ಮಧ್ಯೆ ಮೆಗ್ನೀಸಿಯಂಗಾಗಿ ಚಿಟಿಕೆ ಎಪ್ಸಮ್ ಸಾಲ್ಟ್. 19:19:19ರಲ್ಲಿರುವ ರಂಜಕದ ಜೊತೆ ಕ್ಯಾಲ್ಸಿಯಂ ಗಟ್ಟಿಯಾಗಿ ಬೆರೆಸಿದರೆ ತಳಕ್ಕೆ ಕೂರುತ್ತದೆ, ಅದಕ್ಕೇ ವಾರ ಬೇರೆ. ತಿಂಗಳಿಗೊಮ್ಮೆ ಬರೀ ನೀರು ಧಾರಾಳವಾಗಿ ಹರಿಸಿ ಉಪ್ಪು ತೊಳೆಯಬೇಕು. ಸುಣ್ಣಕಲ್ಲಿನ ಮೇಲೆ ಬೆಳೆಯುವ ನಿವಿಯಮ್, ಕಾನ್ಕಲರ್‌ಗಳಿಗೆ ಕಪ್ಪೆಚಿಪ್ಪಿನ ಪುಡಿಯೂ ಇಷ್ಟ. ನೀರು ಬೆಳಿಗ್ಗೆಯೇ ಆಗಬೇಕು; ರಾತ್ರಿ ಎಲೆಯ ಸಂದಿಯಲ್ಲಿ ನೀರು ನಿಂತರೆ ಬ್ಯಾಕ್ಟೀರಿಯಾ ಕೊಳೆ ಒಂದೆರಡು ದಿನದಲ್ಲಿ ಗುಚ್ಛವನ್ನೇ ತೆಗೆಯುತ್ತದೆ. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಮಿಶ್ರಣ ಬದಲಿಸಬೇಕು. ಹುಳಿಯಾದ ಮಿಶ್ರಣದಲ್ಲಿ ಬೇರು ಸತ್ತ ಮೇಲೆ ಯಾವ ಗೊಬ್ಬರವೂ ತಲುಪುವುದಿಲ್ಲ.

ಹೀಗೆ ಸಾಕಿದ ಗಿಡ ಮೊಗ್ಗು ತೋರಿದಾಗ ಪ್ರದರ್ಶನದ ಕೆಲಸ ಶುರು. ಮೊಗ್ಗು ಬೆಳಕಿನತ್ತ ಬಾಗುತ್ತ ಬೆಳೆಯುತ್ತದೆ, ಆದ್ದರಿಂದ ಅಂದಿನಿಂದ ಕುಂಡ ತಿರುಗಿಸಬಾರದು. ತಿರುಗಿಸಿದರೆ ಹೂವಿನ ಕತ್ತು ಓರೆಯಾಗುತ್ತದೆ. ತೆಳು ಕಡ್ಡಿಯ ಆಸರೆ ಬೇಕು. ಅರಳಿದ ಹೂ ಮುಂದಿನ ಕೆಲವು ದಿನವೂ ಹಿಗ್ಗುತ್ತದೆ, ಅದಕ್ಕೆ ಅಷ್ಟು ಸಮಯ ಕೊಟ್ಟೇ ಒಯ್ಯುತ್ತಾರೆ. ಎಲೆಯ ಸುಣ್ಣದ ಕಲೆಯನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ಒರೆಸುತ್ತಾರೆ. ಹೊಳಪಿನ ಎಣ್ಣೆಯನ್ನು ಜಾಣರು ಹಚ್ಚುವುದಿಲ್ಲ, ತೀರ್ಪುಗಾರರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಅವರು ನೋಡುವುದು ಮೇಲಿನ ಪುಷ್ಪಪತ್ರ ಅಗಲವಾಗಿ ನೆಟ್ಟಗಿದೆಯೇ, ಎಡಬಲ ದಳ ಸಮನಾಗಿವೆಯೇ, ಚೀಲ ನುಣುಪೇ, ದಂಟು ಹೂವನ್ನು ಎಲೆಗಳಿಂದ ಮೇಲೆತ್ತಿ ಹಿಡಿದಿದೆಯೇ ಎಂದು.

ಅಮೆರಿಕನ್ ಆರ್ಕಿಡ್ ಸೊಸೈಟಿಯ ಪದ್ಧತಿಯಲ್ಲಿ 100ಕ್ಕೆ 75 ಅಂಕ ದಾಟಿದ ಹೂವಿಗೆ ಮೊದಲ ಮನ್ನಣೆ, 80ಕ್ಕೆ ಮೆರಿಟ್ ಪ್ರಶಸ್ತಿ, 90ಕ್ಕೆ ಪ್ರಥಮ ದರ್ಜೆ. ಇವೆಲ್ಲ ಆ ಗಿಡಕ್ಕೆ ಸೇರುತ್ತವೆ. ಅಂಗಾಂಶ ಕೃಷಿಗೆ ಪ್ಯಾಫ್ ಸುಲಭಕ್ಕೆ ಒಗ್ಗದ ಕಾರಣ ಬಹುಮಾನದ ಗಿಡ ಬುಡ ಒಡೆದೇ ಕೈಯಿಂದ ಕೈಗೆ ಹೋಗಬೇಕು, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಇನ್ನೊಂದು ಬಗೆಯ ಪ್ರಶಸ್ತಿ ಕೃಷಿಯ ಕೌಶಲಕ್ಕೆ. ಅದು ಸಲ್ಲುವುದು ಬೆಳೆಸಿದವರ ಹೆಸರಿಗೆ. ಕೊಂಡ ಗಿಡದಲ್ಲಿ ಅದೃಷ್ಟವಿದ್ದರೆ ಮೊದಲನೆಯದು ಬಂದೀತು. ಎರಡನೆಯದಕ್ಕೆ ಹಲವು ಗುಚ್ಛ, ಹಲವು ಹೂ, ಬುಡದವರೆಗೆ ಕಲೆಯಿಲ್ಲದ ಎಲೆ ಬೇಕು, ಅಂದರೆ ವರ್ಷಗಟ್ಟಲೆ ತಪ್ಪದ ಕೈ ಬೇಕು.

ಶುರು ಮಾಡುವವರಿಗೆ ಮೂರು ಗುಚ್ಛವಿರುವ ಮೌಡಿಯೆ ಬಳಗದ ಗಿಡ ಸಾಕು. ಕೊಳ್ಳುವಾಗ ಹೂವಿದ್ದರೂ ಅದನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹೊಸ ಗುಚ್ಛದ ಎಲೆ ಹಳೆಯದಕ್ಕಿಂತ ಉದ್ದವಾಗುತ್ತಿದೆಯೇ? ಆಗುತ್ತಿದ್ದರೆ ಗಿಡ ಚೆನ್ನಾಗಿದೆ, ತನ್ನಿ. ವರ್ಷದ ಮೇಲೆ ನಿಮ್ಮ ಕುಂಡದಲ್ಲೂ ಅದೇ ಪ್ರಶ್ನೆಗೆ ಅದೇ ಉತ್ತರ ಸಿಕ್ಕರೆ ನಿಮಗೂ ಈ ವಿದ್ಯೆ ಹಿಡಿಯಿತು ಎಂದು ತಿಳಿಯಬಹುದು.