ಜಿಟಿಎ ಆಟದ ಮಜಾ ಇರುವುದು ಕ್ರೈಮ್‌ನಲ್ಲೋ, ಸ್ವಾತಂತ್ರ್ಯದಲ್ಲೋ?

"ಕಾರು ಕದಿಯುವ, ಪೊಲೀಸರನ್ನು ಹೊಡೆಯುವ ಗೇಮ್ ಆಡುವ ಹುಡುಗರು ನಾಳೆ ಅದನ್ನೇ ಮಾಡುತ್ತಾರೆ. ಎಲ್ಲ ಪೋಷಕರಿಗೂ ಕಳುಹಿಸಿ." ಇಂಥ ಫಾರ್ವರ್ಡ್ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಿಮ್ಮ ಗ್ರೂಪಿಗೂ ಬಂದಿರಬಹುದು. ಗ್ರ್ಯಾಂಡ್ ಥೆಫ್ಟ್ ಆಟೋ, ಅಂದರೆ ಜಿಟಿಎ ಮಾದರಿಯ ಆಟಗಳ ಬಗ್ಗೆ ಇರುವ ಭಯ ಇದು. ಇದು ನಿಜವೇ ಎಂದು ತಿಳಿಯಲು, ಆ ಆಟದಲ್ಲಿ ಮಜಾ ಬರುವುದು ಯಾವುದರಿಂದ ಎಂದು ಮೊದಲು ನೋಡೋಣ.

ಓಪನ್ ವರ್ಲ್ಡ್ ಎಂದರೇನು?

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ನೆನಪಿಸಿಕೊಳ್ಳಿ. ತೇರು ಎಳೆಯುವ ಹೊತ್ತು ಗೊತ್ತಿರುತ್ತದೆ. ಅಲ್ಲಿಯವರೆಗೆ ದಾಸೋಹಕ್ಕೆ ಹೋಗುವುದೋ, ಅಂಗಡಿ ಸಾಲು ಸುತ್ತುವುದೋ, ಸುಮ್ಮನೆ ಜನರನ್ನು ನೋಡುತ್ತಾ ನಿಲ್ಲುವುದೋ, ಅದು ನಿಮ್ಮ ಇಷ್ಟ. ಓಪನ್ ವರ್ಲ್ಡ್ ಆಟವೂ ಹೀಗೆಯೇ. ಕಥೆ ಇದೆ, ಮುಗಿಸಬೇಕಾದ ಮಿಷನ್‌ಗಳಿವೆ. ಆದರೆ ಯಾವಾಗ ಎಂದು ಯಾರೂ ಅವಸರಿಸುವುದಿಲ್ಲ.

2013ರಲ್ಲಿ ಬಂದ ಜಿಟಿಎ 5ರಲ್ಲಿ ಲಾಸ್ ಏಂಜಲೀಸ್ ಹೋಲುವ ಲಾಸ್ ಸ್ಯಾಂಟೋಸ್ ಎಂಬ ಕಾಲ್ಪನಿಕ ನಗರವಿದೆ. ಅಲ್ಲಿ ಹಗಲು ರಾತ್ರಿಯಾಗುತ್ತದೆ, ಮಳೆ ಬರುತ್ತದೆ, ಕಾರಿನಲ್ಲಿ ರೇಡಿಯೊ ಕೇಳಬಹುದು. ನೀವು ತಪ್ಪು ಮಾಡಿದರೆ ಪರದೆಯ ಮೇಲೆ ನಕ್ಷತ್ರಗಳು ಮೂಡಿ ಪೊಲೀಸರು ಬೆನ್ನಟ್ಟುತ್ತಾರೆ. ಅಂದರೆ ನೀವು ಮಾಡಿದ್ದಕ್ಕೆ ಆ ಊರು ತಿರುಗಿ ಉತ್ತರ ಕೊಡುತ್ತದೆ. ಬರೀ ನೋಡುವ ಸಿನಿಮಾದಲ್ಲಿ ಇದು ಸಿಗದು.

ಸಂಶೋಧನೆ ಏನು ಹೇಳುತ್ತದೆ?

ಆಟ ಹಿಡಿಸುವುದಕ್ಕೆ ಮನಃಶಾಸ್ತ್ರಜ್ಞರು ಮುಖ್ಯವಾಗಿ ಮೂರು ಕಾರಣ ಕೊಡುತ್ತಾರೆ: ನನ್ನ ಇಷ್ಟದಂತೆ ನಡೆಯುತ್ತಿದ್ದೇನೆ ಎಂಬ ಸ್ವಾತಂತ್ರ್ಯ, ನನ್ನಿಂದ ಆಗುತ್ತದೆ ಎಂಬ ವಿಶ್ವಾಸ, ಜೊತೆಗಾರರ ಒಡನಾಟ.

ಹಾಗಾದರೆ ಹೊಡೆದಾಟ? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾಫ್ ಲೈಫ್ 2 ಎಂಬ ಆಟವನ್ನು ಎರಡು ಬಗೆಯಲ್ಲಿ ಆಡಿಸಿದರು. ಒಂದರಲ್ಲಿ ರಕ್ತಪಾತ. ಇನ್ನೊಂದರಲ್ಲಿ ಎದುರಾಳಿಯನ್ನು ಮುಟ್ಟಿಸಿದರೆ ಸಾಕು, ಆತ ಮಾಯವಾಗುತ್ತಾನೆ. ರಕ್ತ ಇದ್ದ ಮಾತ್ರಕ್ಕೆ ಮಜಾ ಹೆಚ್ಚಲಿಲ್ಲ. ಕ್ರೈಮ್ ಕಥೆಗೆ ಮಸಾಲೆ ಹೌದು, ಆದರೆ ಊಟವೇ ಅದಲ್ಲ.

ಆಡಿದವರು ಅಪರಾಧಿಗಳಾಗುತ್ತಾರೆಯೇ?

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ವಯಸ್ಕರಿಗೆ ಎರಡು ತಿಂಗಳು ದಿನವೂ ಜಿಟಿಎ 5 ಆಡಿಸಿ ಪರೀಕ್ಷಿಸಿದರು. ಅವರಲ್ಲಿ ಆಕ್ರಮಣಶೀಲತೆ ಹೆಚ್ಚಿದ್ದು ಕಂಡುಬರಲಿಲ್ಲ. ಹಿಂಸಾತ್ಮಕ ಅಪರಾಧಗಳಿಗೆ ಗೇಮ್ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ಮನಃಶಾಸ್ತ್ರ ಸಂಘವೂ 2020ರಲ್ಲಿ ಹೇಳಿತು. ಆದರೆ ಕಿರುಚುವುದು, ತಳ್ಳುವುದು ಮುಂತಾದ ವರ್ತನೆಯ ಜೊತೆ ಸಣ್ಣ ನಂಟಿದೆ ಎಂದೂ ಅದೇ ಸಂಘ ಹೇಳಿದೆ. ಹಾಗಾಗಿ ಫಾರ್ವರ್ಡ್‌ನ ದಾವೆಗೆ ಆಧಾರ ಸಾಲದು. ಹಾಗೆಂದು ಚಿಂತೆಯೇ ಬೇಡ ಎನ್ನುವುದೂ ಸರಿಯಲ್ಲ.

ಪೋಷಕರು ನೋಡಬೇಕಾದದ್ದು

• ವಯಸ್ಸು: ಯುರೋಪಿನಲ್ಲಿ ಜಿಟಿಎ 5ಕ್ಕೆ 18+ ದರ್ಜೆ ಇದೆ. ಆರನೇ ತರಗತಿ ಹುಡುಗನಿಗೆ ಇದು ತಕ್ಕ ಆಟವಲ್ಲ.

• ಹೊತ್ತು: ಎಷ್ಟು ಬೇಕಾದರೂ ಸುತ್ತಬಹುದು ಎಂಬುದೇ ಈ ಆಟದ ಸೆಳೆತ. ನಿಲ್ಲಿಸಲು ಕಷ್ಟವಾಗುವುದೂ ಅದರಿಂದಲೇ. ನಿದ್ದೆ, ಓದು, ಕೆಲಸ ಕೆಟ್ಟರೂ ಆಟ ಬಿಡಲಾಗದ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗೇಮಿಂಗ್ ಡಿಸಾರ್ಡರ್ ಎಂದು ಗುರುತಿಸಿದೆ.

• ಲಿಂಕ್: ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಆಟಗಳಿಗೆ ಅಧಿಕೃತ ಮೊಬೈಲ್ ಆವೃತ್ತಿ ಇದೆ. ಜಿಟಿಎ 5ಕ್ಕೆ ಫೋನಿನಲ್ಲಿ ಇನ್‌ಸ್ಟಾಲ್ ಮಾಡುವಂಥ ಆವೃತ್ತಿಯನ್ನು ಕಂಪನಿ ಬಿಡುಗಡೆ ಮಾಡಿಲ್ಲ. "ಜಿಟಿಎ 5 ಫ್ರೀ ಡೌನ್‌ಲೋಡ್" ಎಂದು ಬರುವ ಎಪಿಕೆ ಫೈಲ್ ಒತ್ತಿದರೆ ಫೋನಿನ ಒಟಿಪಿ, ಬ್ಯಾಂಕ್ ಮಾಹಿತಿ ಕಳ್ಳರ ಕೈಸೇರಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆಟದೊಳಗಿನ ಕಾರು ಕಳ್ಳನಿಗಿಂತ ಈ ಲಿಂಕ್ ಕಳುಹಿಸುವ ಕಳ್ಳನೇ ನಿಮ್ಮ ಮನೆಗೆ ಹೆಚ್ಚು ಹತ್ತಿರ. ಫಾರ್ವರ್ಡ್ ಮಾಡಲೇಬೇಕೆಂದರೆ ಈ ಎಚ್ಚರಿಕೆಯನ್ನು ಮಾಡಿ.