ಕಾರಿನೊಳಗಿನ ವಾಣಿ

‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಮೈಸೂರಿನ ಕೊಡುಗೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪುಟ್ಟ ಪ್ರಸಾರಯಂತ್ರವೊಂದನ್ನಿಟ್ಟು ನಡೆಸಿದ ನಿಲಯಕ್ಕೆ ಸಂದ ಹೆಸರು ಅದು. ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 30 ವ್ಯಾಟ್ ಎಂದರೆ ಮನೆಯೊಳಗಿನ ಒಂದು ಮಂದ ದೀಪದ ಶಕ್ತಿ. ಅಷ್ಟು ಕ್ಷೀಣವಾದ ವಾಣಿ ಊರಿಗೆ ಕೇಳಿಸಿತೆಂದರೆ ಅದರ ಶ್ರೇಯಸ್ಸಿನಲ್ಲಿ ಅರ್ಧ ಪಾಲು ಕೇಳುವ ಪೆಟ್ಟಿಗೆಗೂ ಅದರ ಏರಿಯಲ್ಲಿಗೂ ಸಲ್ಲಬೇಕು. ಕಾವ್ಯಕ್ಕೆ ಸಹೃದಯನು ಹೇಗೋ ಪ್ರಸಾರಕ್ಕೆ ಗ್ರಾಹಕಯಂತ್ರ ಹಾಗೆ. ಈ ಮಾತನ್ನು ಇಂದಿನ ನಮ್ಮ ಕಾರುಗಳಿಗೆ ಅನ್ವಯಿಸಿ ನೋಡುವುದು ನನ್ನ ಉದ್ದೇಶ.

ಕಾರಿನೊಳಕ್ಕೆ ಬಾನುಲಿ ಬಂದದ್ದು ಹೊರಗಿನಿಂದಲೇ. 1930ರಲ್ಲಿ ಅಮೆರಿಕದ ಗಾಲ್ವಿನ್ ಸಹೋದರರು ‘ಮೋಟಾರೋಲ’ ಎಂಬ ಹೆಸರಿನಲ್ಲಿ ಮಾರಿದ ರೇಡಿಯೋವನ್ನು ಕೊಂಡವರು ತಮ್ಮ ಬಂಡಿಗೆ ಬೇರೆಯಾಗಿ ಜೋಡಿಸಿಕೊಳ್ಳಬೇಕಾಗಿತ್ತು. ನಮ್ಮ ಅಂಬಾಸಿಡರು, ಫಿಯೆಟ್ಟುಗಳ ಕಾಲದಲ್ಲೂ ಸಾಮಾನ್ಯವಾಗಿ ಕಾರು ಮೊದಲು, ರೇಡಿಯೋ ಆಮೇಲೆ. ಕಾರ್ಖಾನೆಯಲ್ಲಿಯೇ ಕೂರಿಸಿ ಕಳಿಸುವ ‘ಕಂಪನಿ ಸೆಟ್ಟು’ ನಮ್ಮಲ್ಲಿ ವಾಡಿಕೆಯಾದದ್ದು ಬಹಳ ಈಚೆಗೆ. ಆದ್ದರಿಂದ ಕಂಪನಿಯದನ್ನು ತೆಗೆಸಿ ಹೊರಗಿನದನ್ನು ಹಾಕಿಸುವುದು ಅಪಚಾರವೇನೂ ಅಲ್ಲ. ಹಳೆಯ ಸೆಟ್ಟಿಗೆ ಫೋನು ಹೊಂದುವುದಿಲ್ಲ, ಹಿಂದಕ್ಕೆ ನಡೆಸುವಾಗ ದಾರಿ ತೋರುವ ಕ್ಯಾಮೆರಾ ಇಲ್ಲ, ಸ್ವರ ಚೆನ್ನಾಗಿಲ್ಲ ಎಂಬ ಕಾರಣಗಳೆಲ್ಲ ಒಪ್ಪತಕ್ಕವೇ.

ತೊಡಕು ಬರುವುದು ಅನಂತರ. ದೊಡ್ಡ ಪರದೆಯ ಹೊಸ ಸೆಟ್ಟನ್ನು ಹಾಕಿಸಿಕೊಂಡವರು ಕೆಲವು ದಿನಗಳಲ್ಲಿಯೇ ಹೇಳುವ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ: “ಹಾಡು ಭರ್ಜರಿಯಾಗಿದೆ ಸಾರ್, ಆದರೆ ಬಿಳಿಕೆರೆ ದಾಟಿದರೆ ಮೈಸೂರು ಸ್ಟೇಷನ್ನು ಬರೋದಿಲ್ಲ. ಈಗ ರೇಡಿಯೋನ ಯಾರು ಸರಿಯಾಗಿ ಹಾಕ್ತಾರೆ?” ದೂರು ನಿಲಯದ ತಲೆಗೆ ಕಟ್ಟುತ್ತದೆ. ಅನೇಕ ವೇಳೆ ದೋಷವಿರುವುದು ಡ್ಯಾಶ್‌ಬೋರ್ಡಿನ ಹಿಂದೆ, ಗೇಣುದ್ದದ ಒಂದು ತಂತಿಯಲ್ಲಿ.

ನಮ್ಮ ನಾಲ್ಕು ತಾಲ್ಲೂಕುಗಳ ಭೂಮಿಯನ್ನೊಮ್ಮೆ ನೆನೆಯಬೇಕು. ಎಫ್.ಎಂ. ಅಲೆಗಳು ಹೆಚ್ಚುಕಡಮೆ ನೇರ ದೃಷ್ಟಿಯಂತೆ ಸಾಗುತ್ತವೆ. ದೂರ, ದಿಬ್ಬ, ಮರಗಳು ಅವನ್ನು ಕುಗ್ಗಿಸುತ್ತವೆ. ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಕೃಷ್ಣರಾಜನಗರದ ಗದ್ದೆಬಯಲಿಗೆ ಸುಲಭವಾಗಿ ಬಂದರೂ ಹುಣಸೂರಿನಿಂದ ಪಶ್ಚಿಮಕ್ಕೆ ಹೋದಂತೆ ಸಣ್ಣದಾಗುತ್ತದೆ. ಪಿರಿಯಾಪಟ್ಟಣ, ಬೈಲಕುಪ್ಪೆಗಳ ಕಡೆ ಮಡಿಕೇರಿಯ 103.1ನ್ನು ಹುಡುಕಬೇಕು. ಇನ್ನು ಹೆಗ್ಗಡದೇವನಕೋಟೆಯ ಆಚೆ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು 2012ರಲ್ಲಿ ಆರಂಭಿಸಿದ ‘ಜನಧ್ವನಿ’ 90.8ರಲ್ಲಿದೆ. ಇಂಥ ಸಮುದಾಯ ಬಾನುಲಿಗಳು ಸಾಮಾನ್ಯವಾಗಿ 100 ವ್ಯಾಟ್‌ಗಿಂತ ಹೆಚ್ಚಿನ ಶಕ್ತಿಯನ್ನು ಹೊರಸೂಸಬಾರದೆಂದು ಸರ್ಕಾರದ 2006ರ ನೀತಿ ಮಿತಿ ಹಾಕಿತು. ಅಂದರೆ ಹತ್ತಿರದ ಊರುಗಳ ಮಾತನ್ನು ಹತ್ತಿರದ ಊರುಗಳಿಗೆ ಹೇಳುವ ನಿಲಯದ ದನಿ ಹುಟ್ಟಿನಿಂದಲೇ ಮೆಲ್ಲನೆಯದು. ಸೆಟ್ಟಿನ ಕಿವಿ ಮಂದವಾದರೆ ಮೊದಲು ಅಳಿಸಿಹೋಗುವುದು ಈ ದನಿಯೇ.

ಈಗ ಕೆಲಸದ ವಿವರಕ್ಕೆ ಬರೋಣ. ಸೆಟ್ಟು ಕೂರುವ ಕಿಂಡಿಗೆ ಜರ್ಮನರು ಗೊತ್ತುಪಡಿಸಿದ ಅಳತೆಯೊಂದುಂಟು. ಅಗಲ 180 ಮಿಲಿಮೀಟರು, ಎತ್ತರ 50; ಇದನ್ನು ಅಂಗಡಿಯವರು ‘ಸಿಂಗಲ್ ಡಿನ್’ ಎನ್ನುತ್ತಾರೆ. ಎತ್ತರ ಇಮ್ಮಡಿಯಾದರೆ ‘ಡಬಲ್ ಡಿನ್’. ಈ ಅಳತೆಯ ಕಾರಾದರೆ ಬದಲಾವಣೆ ಸುಲಭ. ಹವಾನಿಯಂತ್ರಣವೇ ಮೊದಲಾದ ಕಾರಿನ ಬೇರೆ ಕಾರ್ಯಗಳೆಲ್ಲ ಆ ಪರದೆಯಿಂದಲೇ ನಡೆಯುವಂತಿದ್ದರೆ ಕಂಪನಿ ಸೆಟ್ಟಿನ ಗೋಜಿಗೆ ಹೋಗದಿರುವುದೇ ಲೇಸು.

ಕಂಪನಿಯ ತಂತಿಗಳನ್ನು ಕತ್ತರಿಸಿ, ತಿರುಚಿ, ಟೇಪು ಸುತ್ತುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದಕ್ಕೆ ಅವಕಾಶ ಕೊಡಬಾರದು. ಬೇಸಗೆಯ ಕಾವಿಗೆ ಟೇಪಿನ ಅಂಟು ಸಡಿಲಿ ತಂತಿಗೆ ತಂತಿ ತಾಗಿದರೆ ಬೆಂಕಿಯ ಭಯ. ಕಂಪನಿಯ ವಾರಂಟಿಗೂ ತಕರಾರು. ಆಯಾ ಕಾರಿಗೆ ಹೊಂದುವ ಕಪ್ಲರುಗಳು ಸಿಗುತ್ತವೆ. ಅದರ ಒಂದು ತುದಿ ಕಾರಿನ ತಂತಿಗಳಿಗೆ, ಇನ್ನೊಂದು ತುದಿ ಹೊಸ ಸೆಟ್ಟಿಗೆ. ನಡುವೆ ಕತ್ತರಿಯ ಕೆಲಸವಿಲ್ಲ. ಮುಂದೆ ಕಾರು ಮಾರುವಾಗ ಹಳೆಯ ಸೆಟ್ಟನ್ನು ಯಥಾಸ್ಥಾನದಲ್ಲಿ ಕೂರಿಸಲೂಬಹುದು.

ಹೊರಗಿನ ಸೆಟ್ಟುಗಳ ತಂತಿಗಳಿಗೆ ಬಣ್ಣದ ಭಾಷೆಯೊಂದಿದೆ. ಹಳದಿ ಸದಾ ಬ್ಯಾಟರಿಗೆ ಸೇರಿದ್ದು. ಗಡಿಯಾರವನ್ನೂ ನಿಲಯಗಳ ನೆನಪನ್ನೂ ಕಾಯುವುದು ಅದು. ಕೆಂಪು ಬೀಗದ ಕೈ ತಿರುಗಿಸಿದಾಗ ಮಾತ್ರ ಜೀವ ತಳೆಯಬೇಕು. ಇವೆರಡು ಅದಲುಬದಲಾದರೆ ಕಾರು ನಿಲ್ಲಿಸಿದಾಗಲೆಲ್ಲ ಸೆಟ್ಟಿಗೆ ಮರೆವು. ಎರಡನ್ನೂ ಬ್ಯಾಟರಿಗೇ ಕೊಟ್ಟರೆ ಬ್ಯಾಟರಿ ಸೊರಗುತ್ತದೆ. ಕಪ್ಪು ಅರ್ತಿನದು. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರುಗಳವು. ಉಳಿದದ್ದು ನೀಲಿ. ನನ್ನ ಮಾತಿನ ತಿರುಳಿರುವುದು ಈ ನೀಲಿ ತಂತಿಯಲ್ಲಿ.

ಈಗಿನ ಕಾರುಗಳ ಛಾವಣಿಯ ಮೇಲಿರುವ ಗಿಡ್ಡ ಏರಿಯಲ್ಲನ್ನು ನೋಡಿರಬಹುದು. ಹಳೆಯ ಅಂಬಾಸಿಡರಿನ ಉದ್ದ ಕಡ್ಡಿಯ ಕೆಲಸವನ್ನು ಅದೊಂದೇ ಮಾಡಲಾರದು. ಆದ್ದರಿಂದ ಅನೇಕ ಕಾರುಗಳಲ್ಲಿ ಅದರ ಬುಡದಲ್ಲಿ ಪುಟ್ಟದೊಂದು ವರ್ಧಕವನ್ನು ಇಟ್ಟಿರುತ್ತಾರೆ. ವರ್ಧಕಕ್ಕೆ 12 ವೋಲ್ಟ್ ವಿದ್ಯುತ್ತು ಬೇಕು. ಕಂಪನಿಯ ಸೆಟ್ಟು ಅದನ್ನು ಬೇರೆ ತಂತಿಯಿಂದಲೋ ಏರಿಯಲ್ಲಿನ ಕೇಬಲ್ಲಿನ ಮೂಲಕವೇಯೋ ಸದ್ದಿಲ್ಲದೆ ಒದಗಿಸುತ್ತಿರುತ್ತದೆ. ಹೊಸ ಸೆಟ್ಟಿನಲ್ಲಿ ಈ ಹೊಣೆ ನೀಲಿ ತಂತಿಯದು. ಕೇಬಲ್ಲಿನ ಮೂಲಕವೇ ವಿದ್ಯುತ್ತು ಹೋಗುವ ಕಾರಾದರೆ ಅದಕ್ಕೆಂದೇ ಮಾಡಿದ ಅಡಾಪ್ಟರನ್ನು ನಡುವೆ ಸೇರಿಸಿ ನೀಲಿಯನ್ನು ಅದಕ್ಕೆ ಕೊಡಬೇಕು. ಸೆಟ್ಟಿನ ಬೆಲೆಯ ಮುಂದೆ ಇದು ಲೆಕ್ಕಕ್ಕೇ ಬಾರದ ಖರ್ಚು. ಇದನ್ನು ಬಿಟ್ಟುಬಿಟ್ಟರೂ ಹಾಡು ಬರುತ್ತದೆ, ಪರದೆ ಬೆಳಗುತ್ತದೆ, ಮೈಸೂರಿನ ಅಂಗಡಿಯ ಮುಂದೆ ಆಕಾಶವಾಣಿಯೂ ಸ್ಪಷ್ಟವಾಗಿ ಕೇಳುತ್ತದೆ. ಊರಿನ ದಾರಿ ಹಿಡಿದ ಮೇಲೆ ಉಳಿಯುವುದು ಬರಿಯ ಭುಸುಗುಟ್ಟುವ ಸದ್ದು.

ಮತ್ತೊಂದು ಕಾರಣವೂ ಉಂಟು. ಅಮೆರಿಕಕ್ಕೆಂದು ಮಾಡಿದ ಸೆಟ್ಟುಗಳ ಎಫ್.ಎಂ. ಹೆಜ್ಜೆಗಳು 100.5, 100.7 ಹೀಗೆ ಬೆಸ ದಶಮಾಂಶಗಳ ಮೇಲೆಯೇ ಬೀಳುತ್ತವೆ; ನಮ್ಮ 100.6 ಆಗಲಿ 90.8 ಆಗಲಿ ಅವುಗಳ ಕಾಲಿಗೆ ಸಿಕ್ಕುವುದಿಲ್ಲ. ಜಪಾನಿನ ಹಳೆಯ ಸೆಟ್ಟುಗಳು 90ಕ್ಕೇ ನಿಂತುಬಿಡುತ್ತವೆ. ಮಧ್ಯಮ ತರಂಗದಲ್ಲೂ ಹೀಗೆಯೇ. ನಮ್ಮ ಮನೆಗಳಲ್ಲಿ ರೇಡಿಯೋ ಮುಳ್ಳು ಬೆಂಗಳೂರಿಗಾಗಿ ನಿಲ್ಲುತ್ತಿದ್ದ 612 ಕಿಲೋಹರ್ಟ್ಸ್ ಒಂಬತ್ತರ ಮಗ್ಗಿಯ ಸಂಖ್ಯೆ; ಅಮೆರಿಕದ ಸೆಟ್ಟು ನಡೆಯುವುದು ಹತ್ತರ ಮಗ್ಗಿಯಲ್ಲಿ. ಮಗ ವಿದೇಶದಿಂದ ತಂದುಕೊಟ್ಟ ಸೆಟ್ಟೆಂದು ಹಿಗ್ಗುವ ಮೊದಲು ಅದರಲ್ಲಿ ಪ್ರದೇಶವನ್ನು ಬದಲಿಸುವ ಸೌಕರ್ಯವಿದೆಯೇ ಎಂದು ನೋಡಿಕೊಳ್ಳುವುದು ಜಾಣತನ. ಅಗ್ಗದ ಫೋನ್ ಚಾರ್ಜರುಗಳೂ ಕೆಲವು ಹೊಸ ಬಗೆಯ ದೀಪಗಳೂ ಅಲೆಗಳನ್ನು ಕಲಕುತ್ತವೆಂಬುದನ್ನೂ ಮರೆಯಬಾರದು. ಒಂದೊಂದನ್ನೇ ಕಿತ್ತು ನೋಡಿದರೆ ಕಳ್ಳ ಸಿಕ್ಕುತ್ತಾನೆ.

“ಫೋನಿನಲ್ಲೇ ಎಲ್ಲ ಬರುವಾಗ ಈ ಪರದಾಟವೇಕೆ?” ಎಂದು ಕೇಳುವವರಿದ್ದಾರೆ. ಅಂತರಸಂತೆಯಿಂದ ಬಾವಲಿಯ ಕಡೆಗೆ ಕಾಡು ಹೊಕ್ಕವರಿಗೆ ಫೋನಿನ ಭರವಸೆ ಎಷ್ಟೆಂಬುದು ಗೊತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆಯ ಹೆದ್ದಾರಿ ಕಡಿದುಹೋಯಿತು. ಅಂಥ ಮಳೆಯಲ್ಲಿ ಪಿರಿಯಾಪಟ್ಟಣ ದಾಟಿ ಹೊರಟವನಿಗೆ ಮುಂದಿನ ದಾರಿಯ ಸುದ್ದಿಯನ್ನು ಮುಂದಿನ ನಿಲಯವೇ ಹೇಳಬೇಕು. ಅದನ್ನು ಕೇಳುವ ಶಕ್ತಿ ಕಾರಿಗಿರಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಹಳೆಯ ಸೆಟ್ಟನ್ನು ಬಿಚ್ಚಿಸುವ ಮೊದಲು ನಿಮ್ಮೂರಿನ ಹತ್ತಿರ ಒಂದು ಗುರುತಿನ ಜಾಗದಲ್ಲಿ ಕಾರು ನಿಲ್ಲಿಸಿ ಯಾವ ನಿಲಯ ಎಷ್ಟು ಸ್ಪಷ್ಟವೆಂದು ಬರೆದಿಟ್ಟುಕೊಳ್ಳಿ. ಹೊಸದು ಬಂದ ಮೇಲೆ ಅದೇ ಜಾಗದಲ್ಲಿ ಮತ್ತೆ ಕೇಳಿ. ಗಟ್ಟಿ ದನಿಯನ್ನು ಯಾವ ಪೆಟ್ಟಿಗೆಯಾದರೂ ಕೇಳೀತು. ಸೆಟ್ಟಿನ ಯೋಗ್ಯತೆ ತಿಳಿಯುವುದು ಸಣ್ಣ ದನಿಯಲ್ಲಿ. ಅಷ್ಟು ಪುರುಸೊತ್ತಿಲ್ಲದವರು ಅಂಗಡಿಯ ಹುಡುಗನ ಕೈಗೆ ಹಣ ಎಣಿಸುವ ಮೊದಲು ಒಂದು ಮಾತು ಕೇಳಿದರೂ ಸಾಕು: “ನೀಲಿ ತಂತಿಯನ್ನು ಎಲ್ಲಿಗೆ ಕೊಟ್ಟೆಯಪ್ಪಾ?”