ದತ್ತಸಂಚಯದಲ್ಲಿ ಕರ್ತೃನಿರ್ಣಯ

ಶಾಸನವನ್ನು ಪರಿಶೀಲಿಸುವವರು ಮೊದಲು ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು: ಕಾರ್ಯವನ್ನು ನಡೆಸಿದವರು ಯಾರು? ನಡೆದುದು ಯಾರ ಅಧಿಕಾರದಲ್ಲಿ? ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ದಂಡನಾಯಕ ಪೋಲಾಳ್ವ. ಆಗ ಆಳುತ್ತಿದ್ದವನು ಹೊಯ್ಸಳ ದೊರೆ ಇಮ್ಮಡಿ ನರಸಿಂಹ.

ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಮಾಹಿತಿಯನ್ನಿರಿಸುವ ಗಣಕದ ದತ್ತಸಂಚಯದಲ್ಲಿಯೂ ಇಂತಹುದೇ ಭೇದವುಂಟು. ಪೋಸ್ಟ್‌ಗ್ರೆಸ್ ಎಂಬ ವ್ಯವಸ್ಥೆಯಲ್ಲಿ ‘ಸೆಷನ್ ಯೂಸರ್’ ಎಂಬುದು ಸಂಪರ್ಕವನ್ನು ಆರಂಭಿಸಿದ ಖಾತೆಯನ್ನು ತಿಳಿಸುತ್ತದೆ. ‘ಕರೆಂಟ್ ಯೂಸರ್’ ಎಂಬುದು ಆ ಕ್ಷಣದಲ್ಲಿ ಆಜ್ಞೆಯು ಯಾರ ಅಧಿಕಾರದಿಂದ ನಡೆಯುತ್ತಿದೆಯೆಂಬುದನ್ನು ತಿಳಿಸುತ್ತದೆ. ಸಾಮಾನ್ಯವಾಗಿ ಇವೆರಡೂ ಒಂದೇ. ಬಳಕೆದಾರನು ಬೇರೊಂದು ಅಧಿಕಾರಪಾತ್ರವನ್ನು ವಹಿಸಿದೊಡನೆ ಭಿನ್ನವಾಗುತ್ತವೆ.

ಆದರೆ ಹಲವು ನೌಕರರ ಕೆಲಸವನ್ನೆಲ್ಲ ತಂತ್ರಾಂಶವೊಂದು ತನ್ನ ಒಂದೇ ಖಾತೆಯಿಂದ ನಡೆಸಿದರೆ, ಎರಡೂ ಆ ಖಾತೆಯನ್ನೇ ಹೆಸರಿಸುವುವು, ವ್ಯಕ್ತಿ ಮರೆಯಾಗುವನು. ಆಗ ತಂತ್ರಾಂಶವೇ ಪ್ರತಿಯೊಂದು ತಿದ್ದುಪಡಿಯೊಡನೆ ನೌಕರನ ಗುರುತನ್ನೂ ಒಪ್ಪಿಸತಕ್ಕದ್ದು.

ಇದು ಕೇವಲ ಯಂತ್ರವಿಚಾರವಲ್ಲ. ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆಯಲ್ಲಿ, ದಾಖಲೆಯನ್ನು ತಿದ್ದುವ ಅಧಿಕಾರಿಯ ಬೆರಳಚ್ಚನ್ನು ಪರೀಕ್ಷಿಸುವ ಕ್ರಮವನ್ನು ಅಳವಡಿಸಲಾಯಿತು. ಪಹಣಿಯಿಂದ ರೈತನ ಹೆಸರು ಅಳಿದಾಗ, ಅಳಿಸಿದ ಕೈ ಯಾವುದೆಂದು ಹೇಳಲಾರದ ದಾಖಲೆಯು ಅವನಿಗೆ ಆಸರೆಯಾಗಲಾರದು.